ಐದಕ್ಕೇ ಮುಚ್ಚಬೇಕಿದ್ದ ಕಿಂಡಿ

ಮಾರ್ಚ್ 12, ಗುರುವಾರ. ರಾತ್ರಿ ಹನ್ನೊಂದೂವರೆ

ನಿದ್ದೆ ಬರ್ತಿಲ್ಲ. ದವಡೆ ಆಡಿಸಿದಾಗಲೆಲ್ಲ ಬಲಗಿವಿಯೊಳಗೆ ಅದೇ 'ಟಿಕ್'. ಎಷ್ಟೋ ವರ್ಷದ ಸದ್ದು. ಇವತ್ತು ಅದಕ್ಕೊಂದು ಹೆಸರು ಸಿಕ್ಕಿದೆ, ಅಷ್ಟೇ ಹೊಸದು.

ಡಾಕ್ಟರು ಎಂಡೋಸ್ಕೋಪ್ (ತುದೀಲಿ ಕ್ಯಾಮೆರಾ ಇರೋ ಸಣ್ಣ ನಳಿಕೆ) ಕಿವಿಯೊಳಗೆ ಬಿಟ್ಟು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಕಿವಿನಾಳದ ಮುಂಗೋಡೆಯಲ್ಲಿ ಕಾಳಿನಷ್ಟು ಉಬ್ಬು, ಮೇಲೆ ನುಣ್ಣನೆ ಚರ್ಮ.

"ಬಾಯಿ ತೆಗೀರಿ." ತೆಗೆದೆ. ಉಬ್ಬು ಮೆಲ್ಲಗೆ ಒಳಗೆಳೆದುಕೊಂಡು ಮಾಯ.

"ಮುಚ್ಚಿ." ಮತ್ತೆ ಹಾಜರು.

ನಾಲ್ಕು ಸಲ ಮಾಡಿಸಿದರು. ಐದನೇ ಸಲ ಅವರು ಹೇಳಲೇ ಇಲ್ಲ, ನಾನೇ ಮಾಡಿ ನೋಡಿದೆ. ನನ್ನದೇ ಕಿವಿಯೊಳಗೆ ಯಾರೋ ಕಣ್ಣಾಮುಚ್ಚಾಲೆ ಆಡ್ತಿದ್ದಂಗಿತ್ತು.

ಹುಟ್ಟಿದ ಮಗುವಿನ ಕಿವಿನಾಳಕ್ಕೆ ಮೂಳೆಯ ಕೊಳವೆಯೇ ಇರಲ್ಲವಂತೆ. ಮೇಲ್ಗಡೆ ಬಾಯಿ ಬಿಟ್ಟ ಒಂದು ಉಂಗುರ, ಅಷ್ಟೇ. ಆ ಉಂಗುರದ ಮುಂದಿನಿಂದೊಂದು, ಹಿಂದಿನಿಂದೊಂದು ಮೊಳಕೆ ಬೆಳೆದು, ಒಂದು ವರ್ಷದ ಹೊತ್ತಿಗೆ ಕೈಕೈ ಹಿಡಿದುಕೊಳ್ಳುತ್ತವೆ. ನಡುವೆ ಒಂದು ಕಿಂಡಿ ಉಳಿಯುತ್ತದೆ. ಸಾಮಾನ್ಯವಾಗಿ ಐದು ವರ್ಷದೊಳಗೆ ಅದೂ ಮುಚ್ಚಿಹೋಗುತ್ತದೆ. ಕೆಲವರಲ್ಲಿ ಮುಚ್ಚುವುದಿಲ್ಲ. ಹುಷ್ಕೆ ರಂಧ್ರ ಅಂತ ಹೆಸರು. ಎಮಿಲ್ ಹುಷ್ಕೆ 19ನೇ ಶತಮಾನದ ಜರ್ಮನ್ ಅಂಗರಚನಾ ತಜ್ಞ. ನನ್ನ ಕಿವಿಯ ಒಂದು ಮೂಲೆ ಅವನ ಹೆಸರಲ್ಲಿದೆ, ಬಾಡಿಗೆ ಕೇಳಲ್ಲ ಸದ್ಯ.

ಕಿಂಡಿಯ ಮುಂದೇ ದವಡೆ ಕೀಲು. ಬಾಯಿ ಮುಚ್ಚಿದಾಗ ದವಡೆಯ ತಲೆ ಹಿಂದಕ್ಕೆ ಬಂದು ಕೂರುತ್ತೆ, ಕೀಲಿನ ಹಿಂದಿನ ಮೆತ್ತನೆ ಅಂಗಾಂಶ ಕಿಂಡಿಯಿಂದ ಕಿವಿಯೊಳಗೆ ಇಣುಕುತ್ತೆ. ತೆಗೆದಾಗ ತಲೆ ಮುಂದೆ ಜಾರುತ್ತೆ, ಇಣುಕಿದ್ದು ವಾಪಸ್.

ಇಷ್ಟಕ್ಕೆ ಎಷ್ಟು ವರ್ಷ! ಒಬ್ಬರು ಗುಗ್ಗೆ ಅಂದರು. ಇನ್ನೊಬ್ಬರು ನಿದ್ದೇಲಿ ಹಲ್ಲು ಕಡೀತೀರಿ ಅಂದರು (ಅಕ್ಕ ಇದನ್ನು ಇವತ್ತಿಗೂ ಬಿಟ್ಟಿಲ್ಲ). ಹಳೇ ಸಿ.ಟಿ. ಸ್ಕ್ಯಾನ್ ವರದಿಯಲ್ಲಿ 'ಎಲ್ಲ ಸರಿ' ಅಂತಿದೆ. ಇವತ್ತಿನ ಡಾಕ್ಟರು ಅದೇ ಸ್ಕ್ಯಾನಿನ ಸಿ.ಡಿ. ಹಾಕಿ, ಮೂಳೆ ಕಾಣೋ ಹಾಗೆ ಮಾಡಿ, ಪಕ್ಕದಿಂದ ಕತ್ತರಿಸಿದ ಪದರಗಳನ್ನು ಒಂದೊಂದೇ ಸರಿಸಿದರು. ಮೂಳೆಯ ಬಿಳೀ ಗೆರೆ ಒಂದು ಕಡೆ ತುಂಡಾಗಿತ್ತು. "ಇಲ್ಲೇ ಇದೆಯಲ್ರೀ" ಅಂದರು. ಸಿಟ್ಟು ಬರಬೇಕಿತ್ತು. ಬಂದಿದ್ದು ನಗು.

ಸದ್ಯಕ್ಕೆ ಏನೂ ಮಾಡಬೇಕಿಲ್ಲ. ತೊಂದರೆ ಕೊಟ್ಟರೆ ಕಿವಿಯದ್ದೇ ಮೃದ್ವಸ್ಥಿಯ ಚೂರು ತೆಗೆದು ಮುಚ್ಚಬಹುದು. ಮುಂದೆ ಯಾವತ್ತಾದರೂ ದವಡೆ ಕೀಲಿಗೆ ದುರ್ಬೀನು (ಒಳಗೆ ನೋಡೋ ನಳಿಕೆ) ಹಾಕಿಸೋದಾದರೆ ಮೊದಲೇ ಹೇಳಿ, ಅದು ದಾರಿತಪ್ಪಿ ಕಿವಿಗೆ ಬರಬಹುದು ಅಂದರು. ಹೊರಡುವಾಗ ಬಾಗಿಲ ಹತ್ತಿರ ಇನ್ನೊಂದು ಮಾತು: ಕೆಲವರಿಗೆ ಅಗಿಯುವಾಗ ಆ ಕಿಂಡಿಯಿಂದ ಜೊಲ್ಲು ಕಿವಿಗೆ ಸೋರುತ್ತದೆ. ಅದನ್ನು ಯಾಕೆ ಹೇಳಿದರೋ! ಸಂಜೆಯಿಂದ ಎರಡು ಸಲ ಬೆರಳಿಟ್ಟು ನೋಡಿಕೊಂಡಿದೀನಿ. ಒಣಗಿದೆ.

ಪುಟ್ಟಿ ಪಕ್ಕದಲ್ಲಿ ಬಾಯಿ ತೆರೆದುಕೊಂಡು ಮಲಗಿದಾಳೆ. ನಾಲ್ಕೂವರೆ ವರ್ಷ. ಅವಳದ್ದು ಮುಚ್ಚಿದೆಯೋ, ಇನ್ನೂ ಮುಚ್ಚುತ್ತಾ ಇದೆಯೋ. ಮೊನ್ನೆ ಕಿವಿ ಕಿರಿಕಿರಿ ಅಂದಿದ್ದಳಲ್ಲ, ಅದು ಎಡಗಿವೀನಾ, ಬಲಗಿವೀನಾ?