ಆರ್‌ಸಿಇಪಿ ಬಿಟ್ಟೆವು, ತೊಗರಿಗೆ ಏನಾಯ್ತು?

2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಆರ್‌ಸಿಇಪಿಯಿಂದ, ಅಂದರೆ ಏಷ್ಯಾ-ಪೆಸಿಫಿಕ್ ದೇಶಗಳು ತಮ್ಮೊಳಗೆ ಆಮದು ಸುಂಕ ಇಳಿಸಿಕೊಳ್ಳುವ ವ್ಯಾಪಾರ ಒಪ್ಪಂದದ ಮಾತುಕತೆಯಿಂದ, ಹೊರಬಂತು. ಉಳಿದ 15 ದೇಶಗಳು ಮರುವರ್ಷ ಸಹಿ ಹಾಕಿದವು. ರಫ್ತು ಕೈತಪ್ಪಿತು ಅಂತ ಕೆಲವು ಅರ್ಥಶಾಸ್ತ್ರಜ್ಞರು ಇಂದಿಗೂ ಹೇಳುತ್ತಾರೆ. ನ್ಯೂಜಿಲೆಂಡ್ ಹಾಲಿನ ಪುಡಿಯಿಂದ ಪಾರಾದೆವು ಅನ್ನುತ್ತಾರೆ ಹೈನುಗಾರರು. ನಾನು ಹೈನುಗಾರರ ಕಡೆ.

ಆದರೆ ಕಲಬುರಗಿಯ ನೆಹರೂ ಗಂಜ್ ಮಾರುಕಟ್ಟೆಗೆ ತೊಗರಿ ತರುವ ನನಗೆ ಈ ಜಗಳ ಅರ್ಧಕ್ಕೇ ನಿಂತಂತೆ ಕಾಣುತ್ತದೆ. ಹೊರಬಂದರೂ 2021ರ ಮೇ ತಿಂಗಳಲ್ಲಿ ಸರ್ಕಾರವೇ ತೊಗರಿ ಆಮದಿನ ಮಿತಿ ತೆಗೆಯಿತು. ಮ್ಯಾನ್ಮಾರ್ ಕಾಳು ಬರುತ್ತಿದೆ, ಮೊಜಾಂಬಿಕ್‌ದೂ ಬರುತ್ತಿದೆ. ಮೊಜಾಂಬಿಕ್ ಆ ಕೂಟದಲ್ಲೇ ಇರಲಿಲ್ಲ, ಅಲ್ವಾ? ಹರಾಜಿನಲ್ಲಿ ಖರೀದಿದಾರ ಕಾಳನ್ನು ಅಂಗೈಗೆ ಸುರಿದುಕೊಳ್ಳುತ್ತಾನೆ, ಒಂದನ್ನು ಹಲ್ಲಲ್ಲಿ ಕಡಿದು ತೇವ ನೋಡುತ್ತಾನೆ, "ಹಡಗು ಬಂದದ" ಅನ್ನುತ್ತಾನೆ. ದರ ಇಳಿಯುತ್ತದೆ. ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ವಿಶೇಷ ಬೆಳೆ ಎಂಬ ಅಧಿಕೃತ ಗುರುತು, ಇರುವ ತೊಗರಿ ಇದು! ಸುಗ್ಗಿ ಮುಗಿಯುವವರೆಗಾದರೂ ಆಮದಿಗೆ ಸುಂಕ ಹಾಕಲಿ.