ನೀರು ಹಿಡಿಯದ ಹೊಳೆ: ಡಿಸ್ನಿಲ್ಯಾಂಡ್ ಕಟ್ಟಿದ ಒಂದು ವರ್ಷ

ಬಾದಾಮಿ ಬನಶಂಕರಿ ಜಾತ್ರೆಯ ಸುತ್ತುವ ದೊಡ್ಡ ತೊಟ್ಟಿಲು ಗರಸು (ಸಣ್ಣ ಕಲ್ಲಿನ) ನೆಲದ ಮೇಲಾದರೂ ನಿಲ್ಲುತ್ತದೆ, ಎರಿ (ಕಪ್ಪು ಮಣ್ಣಿನ) ನೆಲದ ಮೇಲಾದರೂ ನಿಲ್ಲುತ್ತದೆ. ಜಾತ್ರೆ ಮುಗಿದ ಮೇಲೆ ಬಿಚ್ಚಿ ಲಾರಿಗೆ ಹೇರಿದರಾಯಿತು. ಕಾಯಂ ಪಾರ್ಕು ಕಟ್ಟಲು ಹೊರಟವರನ್ನು ಮಾತ್ರ ಮಣ್ಣು ಬಿಡುವುದಿಲ್ಲ.

ಡಿಸ್ನಿಲ್ಯಾಂಡ್ ಎಂಬ ಮನರಂಜನೆಯ ಪಾರ್ಕಿಗಾಗಿ ಅಮೆರಿಕದ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಕಾರ್ಟೂನ್ ಚಿತ್ರಗಳ ವಾಲ್ಟ್ ಡಿಸ್ನಿ ಕೊಂಡದ್ದು ಸುಮಾರು 160 ಎಕರೆ, ಬಹುಪಾಲು ಕಿತ್ತಳೆ ತೋಟ. 1954ರ ಜುಲೈನಲ್ಲಿ ಕೆಲಸ ಶುರುವಾಗಿ 1955ರ ಜುಲೈ 17ಕ್ಕೆ ಬಾಗಿಲು ತೆರೆಯಿತು. ಖರ್ಚು 1 ಕೋಟಿ 70 ಲಕ್ಷ ಡಾಲರ್. ಉಸ್ತುವಾರಿ ನೌಕಾಪಡೆಯ ನಿವೃತ್ತ ಅಧಿಕಾರಿ ಜೋ ಫೌಲರ್ ಅವರದು. ಹಡಗು ತೇಲಿಸಿದವರನ್ನೇ ನೆಲದ ಕೆಲಸಕ್ಕೆ ಕರೆದದ್ದು ವಿಚಿತ್ರ ಅನಿಸಬಹುದು, ಆದರೆ ಆ ಪಾರ್ಕಿನ ನಡುವೆ ಮಾರ್ಕ್ ಟ್ವೇನ್ ಎಂಬ ಹಬೆ ದೋಣಿ ಓಡಬೇಕಿತ್ತು.

ದೋಣಿಗಾಗಿ ಅಗೆದ ಹೊಳೆಗೆ ಮೊದಲ ಸಲ ನೀರು ಬಿಟ್ಟಾಗ ಅದು ನಿಲ್ಲಲೇ ಇಲ್ಲ. ಕಿತ್ತಳೆಗೆ ಹಿತವಾಗಿದ್ದ ಉಸುಕು ಮಣ್ಣು ನೀರನ್ನೆಲ್ಲ ಕುಡಿದುಬಿಟ್ಟಿತ್ತು. ಕೊನೆಗೆ ಜೇಡಿಮಣ್ಣು ತಂದು ತಳಕ್ಕೆ ಹಾಸಬೇಕಾಯಿತು.

ನಮ್ಮ ಕಡೆ ರೆಸಾರ್ಟು, ಗಾರ್ಡನ್ನು ಅಂತ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಕೊಳ ತೋಡುವವರು ಇದೇ ತಪ್ಪು ಮಾಡುತ್ತಾರೆ. ತೋಡುವ ಮುಂಚೆ ಎರಡು ಅಡಿ ಗುಂಡಿ ತೆಗೆದು, ರಾತ್ರಿ ನೀರು ತುಂಬಿಸಿ ನೆಲ ನೆನೆಯಲು ಬಿಡಬೇಕು. ಮರುದಿನ ಮತ್ತೆ ತುಂಬಿಸಿ, ತಾಸಿಗೆ ಎಷ್ಟು ಇಳಿಯಿತೆಂದು ಕೋಲಿಟ್ಟು ನೋಡಬೇಕು. ಕಣ್ಣೆದುರೇ ಇಳಿದರೆ ಎರಿ ಮಣ್ಣು ಬೇಕೇ ಬೇಕು. ಅದನ್ನೂ ಒಮ್ಮೆಗೇ ಸುರಿಯಬಾರದು. ಗೇಣಿಗಿಂತ ತೆಳ್ಳಗೆ ಹರವಿ, ಹೆಂಟೆ ಒಡೆದು, ಹದವಾಗಿ ನೀರು ಹೊಡೆದು ರೋಲರ್ ಹಾಯಿಸಬೇಕು. ಹಿಡಿದರೆ ಉಂಡೆಯಾಗಬೇಕು, ಅಂಗೈಗೆ ಮೆತ್ತಬಾರದು. ಅದು ಹದ. ಇಂಥ ಮೂರ್ನಾಲ್ಕು ಪದರ ಬಿದ್ದ ಮೇಲೆ ಮೇಲೊಂದು ತೆಳು ಗರಸು. ಎರಿ ಮಣ್ಣಿನ ಗುಣ ಗೊತ್ತಲ್ಲ: ಬೇಸಿಗೆಯಲ್ಲಿ ಕೊಳ ಬತ್ತಲು ಬಿಟ್ಟರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮುಂದಿನ ಮಳೆಗೆ ಅದೇ ಬಿರುಕಿನಲ್ಲಿ ನೀರು ಇಳಿಯುತ್ತದೆ. ತಳದಲ್ಲಿ ಒಂದಡಿ ನೀರಾದರೂ ಉಳಿಸಿಕೊಳ್ಳಿ.

ಡಿಸ್ನಿಲ್ಯಾಂಡಿನ ಸುತ್ತ ಮಣ್ಣಿನ ಒಡ್ಡು ಹಾಕಿ, ಅದರ ಮೇಲೆ ರೈಲು ಓಡಿಸಿದರು. ಹೊರಗಿನ ಊರು ಒಳಗಿನವರ ಕಣ್ಣಿಗೆ ಬೀಳದಿರಲಿ ಎಂದು. ಗಿಡಗಳ ಹೊಣೆ ಹೊತ್ತ ಬಿಲ್ ಇವಾನ್ಸ್, ಹೆದ್ದಾರಿ ಕೆಲಸಕ್ಕೆ ಕಡಿಯಬೇಕಿದ್ದ ಬೆಳೆದ ಮರಗಳನ್ನೇ ಕಿತ್ತು ತಂದು ನೆಟ್ಟರು. ಕಾಡಿನ ಭಾಗದಲ್ಲಿ ಕೆಲವು ಮರಗಳನ್ನು ತಲೆಕೆಳಗಾಗಿ ಹೂತು, ಬೇರುಗಳನ್ನೇ ವಿಚಿತ್ರ ಕೊಂಬೆಗಳಾಗಿ ತೋರಿಸಿದರು. ಕಾಸಿಲ್ಲದ ಕಡೆ ಬುದ್ಧಿ ಓಡುತ್ತದೆ!

ಪಾರ್ಕಿನೊಳಗೆ ಕಟ್ಟಿದ ಕೋಟೆಯ ಎತ್ತರ ಬರೀ 77 ಅಡಿ. ವಿಜಯಪುರದ ಗೋಳಗುಮ್ಮಟದ ಅರ್ಧವೂ ಇಲ್ಲ. ಆದರೂ ಎತ್ತರ ಕಾಣಲು ಕಾರಣ ಅಳತೆಯ ಆಟ: ಕೆಳಗಿನ ಕಲ್ಲು ದೊಡ್ಡವು, ಮೇಲೆ ಹೋದಂತೆ ಕಲ್ಲೂ ಕಿಟಕಿಯೂ ಸಣ್ಣ. ಮುಖ್ಯ ಬೀದಿಯ ಮನೆಗಳ ಮಹಡಿಗಳೂ ಹಾಗೆಯೇ ಕುಗ್ಗುತ್ತವೆ. ನಾಟಕ ಕಂಪನಿಯ ಬೀದಿ ಪರದೆ ನೋಡಿದವರಿಗೆ ಇದು ಹೊಸದಲ್ಲ. ನಟ ಪರದೆಯ ಹತ್ತಿರ ಹೋಗಿ ನಿಂತರೆ ಮನೆಗಿಂತ ಅವನೇ ಉದ್ದವಾಗುತ್ತಾನೆ, ಆಟ ಕೆಡುತ್ತದೆ. ಹಾಗಾಗಿ ಸಣ್ಣ ಅಳತೆಯ ಭಾಗವನ್ನು ಜನರ ಕೈಗೆ ಎಟುಕದಷ್ಟು ಮೇಲಿಡಬೇಕು.

ಗಡುವು ಹತ್ತಿರವಾದಾಗ ಕೊಳಾಯಿ ಕೆಲಸದವರು ಮುಷ್ಕರ ಹೂಡಿದ್ದರು. ಕುಡಿಯುವ ನೀರಿನ ನಲ್ಲಿಯೋ ಶೌಚಾಲಯವೋ ಎಂಬ ಪ್ರಶ್ನೆ ಬಂದಾಗ ಡಿಸ್ನಿ ಶೌಚಾಲಯ ಆರಿಸಿದರು. ಸುಡುಬಿಸಿಲಲ್ಲಿ ಬಾಯಾರಿದ ಜನ ಬೈದರು, ಆದರೂ ಆಯ್ಕೆ ಸರಿಯೇ. ಸರಿಯಾಗದ್ದು ಡಾಂಬರು. ತಡವಾಗಿ ಹಾಕಿದ್ದರಿಂದ ಗಟ್ಟಿಯಾಗಲು ಸಮಯ ಸಿಕ್ಕಿರಲಿಲ್ಲ. ಉದ್ಘಾಟನೆಗೆ ಬಂದ ಹೆಂಗಸರ ಹೈ ಹೀಲ್ಸ್ ಚಪ್ಪಲಿ ಅದರಲ್ಲೇ ಹೂತುಕೊಂಡವು.