ಬಾನೆಟ್ ವೈರ್‌ಗೆ ಒಂದು ಷಾಕ್ ಸೆನ್ಸರ್

ಕಾರಿನ ಜೊತೆ ಕಂಪನಿಯಿಂದಲೇ ಬಂದ ಅಲಾರ್ಮ್ ಗ್ಲಾಸ್ ಒಡೆದರೂ ಸುಮ್ಮನಿರಬಹುದು. ಎಲ್ಲ ಕಾರಿನಲ್ಲೂ ಹೀಗೇ ಅಂತಲ್ಲ. ಕೆಲವು ದುಬಾರಿ ಕಾರುಗಳಲ್ಲಿ ಒಳಗೆ ಯಾರಾದರೂ ಅಲುಗಿದರೆ ಗೊತ್ತಾಗುವ ಸೆನ್ಸರ್ ಇರುತ್ತದೆ. ನಮ್ಮಂಥವರು ಓಡಿಸುವ ಸಣ್ಣ ಕಾರಿನಲ್ಲಿ ಅಲಾರ್ಮ್ ಸಾಮಾನ್ಯವಾಗಿ ನೋಡುವುದು ಬಾಗಿಲು, ಡಿಕ್ಕಿ, ಬಾನೆಟ್ ಇಷ್ಟನ್ನೇ. ಒಂದೊಂದಕ್ಕೂ ಒಂದು ಸ್ವಿಚ್. ಲಾಕ್ ಮಾಡಿದ ಮೇಲೆ ಯಾವುದಾದರೂ ತೆರೆದರೆ ಸೈರನ್. ಏನೂ ತೆರೆಯದಿದ್ದರೆ ಅದರ ಲೆಕ್ಕದಲ್ಲಿ ಏನೂ ಆಗಿಲ್ಲ.

ನಮ್ಮದು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಸಣ್ಣ ಯೂನಿಟ್. ಕೌಲ್ ಬಜಾರಿನಿಂದ ಮುಂಡರಗಿಯ ವಾಷಿಂಗ್ ಯೂನಿಟ್‌ಗಳ ಕಡೆಗೆ ನನ್ನ ಓಡಾಟ ಜಾಸ್ತಿ. ಹಿಂದಿನ ಸೀಟಿನಲ್ಲಿ ಸ್ಯಾಂಪಲ್ ಪ್ಯಾಂಟುಗಳ ಬ್ಯಾಗ್ ಯಾವಾಗಲೂ ಇರುತ್ತದೆ. ಹೋದ ಬೇಸಿಗೆಯಲ್ಲಿ ಯಾರೋ ಹಿಂದಿನ ಗ್ಲಾಸ್ ಒಡೆದು ಬ್ಯಾಗ್ ಎಳೆದುಕೊಂಡು ಹೋದರು. ಬಾಗಿಲು ಮುಟ್ಟಲೇ ಇಲ್ಲ. ನಾನು ಬಂದಾಗ ಡ್ಯಾಶ್‌ಬೋರ್ಡಿನ ಕೆಂಪು ಲೈಟ್ ಎಂದಿನಂತೆ ಮಿನುಗುತ್ತಿತ್ತು. ಗ್ಲಾಸಿಗೆ ಇನ್ಶೂರೆನ್ಸ್ ಸಿಕ್ಕಿತು, ಮಾಲಿಗೆ ಸಿಗಲಿಲ್ಲ. ಪಾಲಿಸಿ ಇರುವುದು ಕಾರಿಗೆ, ಒಳಗಿನ ಸಾಮಾನಿಗಲ್ಲ. ಹೊಸ ಪ್ಯಾಟರ್ನ್ ಕೂರಿಸಲು ನಮ್ಮ ಹಿರಿಯ ಟೈಲರ್ ಪಟ್ಟ ಕಷ್ಟಕ್ಕೆ ಯಾವ ಪಾಲಿಸಿ ಇದೆ ಹೇಳಿ? ನನಗೆ ಹೊಟ್ಟೆ ಉರಿದಿದ್ದು ಅದಕ್ಕೆ.

ಇರುವ ಅಲಾರ್ಮ್ ಕಿತ್ತು ಹೊಸದು ಹಾಕಿಸಿ ಅಂತ ಅಂಗಡಿಯವರು ಹೇಳಿದರು. ನನಗೆ ಸರಿ ಅನ್ನಿಸಲಿಲ್ಲ. ಸೈರನ್ ಚೆನ್ನಾಗಿದೆ, ರಿಮೋಟ್ ಚೆನ್ನಾಗಿದೆ. ಕೊರತೆ ಇರುವುದು ಏಟು ಬಿದ್ದಿದ್ದನ್ನು ತಿಳಿಸುವ ಒಂದು ಸಾಧನ ಮಾತ್ರ. ಅದನ್ನಷ್ಟೇ ಸೇರಿಸಿದರೆ ಸಾಕಲ್ವಾ?

ಯಾವ ಸೆನ್ಸರ್ ಅನ್ನುವುದಕ್ಕೆ ನಮ್ಮ ಊರನ್ನೂ ನೋಡಬೇಕು. ಕಿವಿಗೆ ಕೇಳದ ಶಬ್ದದ ಅಲೆಯಿಂದ ಅಲುಗಾಟ ಕಂಡುಹಿಡಿಯುವ ಅಲ್ಟ್ರಾಸಾನಿಕ್ ಸೆನ್ಸರ್ ಕಾರಿನೊಳಗಿನ ಗಾಳಿಯ ಚಲನೆಗೂ ಸೂಕ್ಷ್ಮ. ಬಳ್ಳಾರಿಯ ಏಪ್ರಿಲ್, ಮೇ ಬಿಸಿಲಿನಲ್ಲಿ ಗ್ಲಾಸನ್ನು ಒಂದು ಬೆರಳಷ್ಟು ಇಳಿಸಿ ನಿಲ್ಲಿಸುವುದು ನಮಗೆ ರೂಢಿ. ಆ ಸಂದಿನಿಂದ ಬಿಸಿಗಾಳಿ ನುಗ್ಗಿದರೂ ಅದು ಕೂಗಬಹುದು. ಮೈಕ್ರೋವೇವ್ ಸೆನ್ಸರಿನ ಅಲೆ ಗ್ಲಾಸ್ ದಾಟಿ ಹೊರಗೂ ಹೋಗುತ್ತದೆ. ಇಕ್ಕಟ್ಟಾದ ಓಣಿಯಲ್ಲಿ ಪಕ್ಕದಲ್ಲಿ ನಡೆದು ಹೋಗುವವರನ್ನೂ ಕಳ್ಳರು ಅಂದುಕೊಳ್ಳುತ್ತದೆ. ಕಾರು ವಾಲಿದರೆ ತಿಳಿಸುವ ಟಿಲ್ಟ್ ಸೆನ್ಸರ್ ಬೇಕಾಗುವುದು ಜಾಕ್ ಹಾಕಿ ಟೈರ್ ಬಿಚ್ಚುವವರಿಗೆ, ಕಾರನ್ನೇ ಎತ್ತಿಕೊಂಡು ಹೋಗುವವರಿಗೆ. ಗ್ಲಾಸ್ ಒಡೆಯುವವರಿಗೆ ಏಟಿನ ಕಂಪನ ಹಿಡಿಯುವ ಷಾಕ್ ಸೆನ್ಸರ್ರೇ ಸರಿ. ಬೆಂಕಿಪೊಟ್ಟಣದಷ್ಟು ಸಣ್ಣ ಡಬ್ಬಿ. ಮೇಲೆ ಸೂಕ್ಷ್ಮತೆ ಏರಿಸಿ ಇಳಿಸಲು ಒಂದು ಸ್ಕ್ರೂ, ಹಿಂದೆ ನಾಲ್ಕು ವೈರ್.

ನಾಲ್ಕರಲ್ಲಿ ಎರಡು ಕರೆಂಟಿಗೆ: 12 ವೋಲ್ಟ್ ಮತ್ತು ಅರ್ಥಿಂಗ್, ಅಂದರೆ ಕಾರಿನ ಬಾಡಿ. ಉಳಿದ ಎರಡರಲ್ಲಿ ಒಂದು ಸಣ್ಣ ತಟ್ಟಿಗೆ, ಇನ್ನೊಂದು ಜೋರು ಏಟಿಗೆ. ಏಟು ಬಿದ್ದಾಗ ಆ ವೈರ್ ಒಂದು ಕ್ಷಣ ಅರ್ಥಿಂಗ್‌ಗೆ ಸೇರುತ್ತದೆ, ಅಷ್ಟೇ ಅದರ ಕೆಲಸ. ಕಂಪನಿ ಅಲಾರ್ಮಿನಲ್ಲಿ 'ಷಾಕ್ ಸೆನ್ಸರ್ ಇಲ್ಲಿ ಹಾಕಿ' ಅಂತ ಜಾಗ ಕೊಟ್ಟಿರುವುದಿಲ್ಲ. ಆದರೆ ಬಾನೆಟ್ ಸ್ವಿಚ್ಚಿನ ವೈರ್ ಇದೆ. ಬಹಳಷ್ಟು ಕಾರುಗಳಲ್ಲಿ ಬಾನೆಟ್ ತೆರೆದಾಗ ಆ ವೈರೂ ಅರ್ಥಿಂಗ್‌ಗೇ ಸೇರುತ್ತದೆ. ಹಾಗಾಗಿ ಜೋರು ಏಟಿನ ವೈರನ್ನು ಅದಕ್ಕೆ ಕೂಡಿಸಿದರೆ, ಗ್ಲಾಸಿಗೆ ಏಟು ಬಿದ್ದಾಗ ಕಾರು ಬಾನೆಟ್ ತೆರೆದರು ಅಂದುಕೊಂಡು ಸೈರನ್ ಹೊಡೆಯುತ್ತದೆ. ಸಣ್ಣ ತಟ್ಟಿನ ವೈರಿಗೆ ಇಲ್ಲಿ ಕೆಲಸವಿಲ್ಲ. ತುದಿಗೆ ಟೇಪ್ ಸುತ್ತಿ ಬಿಡಬೇಕು.

ನಮ್ಮ ಓಣಿಯ ವೈರಿಂಗ್ ಉಸ್ತಾದ್ ಕೇಳಿದ ಮೊದಲ ಮಾತು ನನಗೆ ಇಷ್ಟವಾಯಿತು. "ಅಣ್ಣಾ, ಮೀಟರ್ ಹಿಡಿದು ನೋಡಿರೇನು? ನೋಡದೆ ಯಾವ ವೈರೂ ಮುಟ್ಟಬ್ಯಾಡ್ರಿ." ಬಾನೆಟ್ ಮುಚ್ಚಿದಾಗ ಆ ವೈರಿನಲ್ಲಿ 12 ವೋಲ್ಟೋ 5 ವೋಲ್ಟೋ ಇದ್ದು, ತೆರೆದಾಗ ಸೊನ್ನೆಗೆ ಇಳಿದರೆ ನಾನು ಹೇಳಿದ ರೀತಿ ನಡೆಯುತ್ತದೆ. ಕೆಲವು ಕಾರಿನಲ್ಲಿ ಇದು ಉಲ್ಟಾ. ಮುಚ್ಚಿದಾಗ ಸೇರಿಕೊಂಡಿದ್ದು ತೆರೆದಾಗ ಬಿಡುತ್ತದೆ. ಅಂಥ ಕಡೆ ಏಟು ಬಿದ್ದಾಗ ವೈರಿನ ಸಂಪರ್ಕ ತಪ್ಪಿಸಲು ಒಂದು ರಿಲೇ, ಅಂದರೆ ಕರೆಂಟಿನಿಂದ ನಡೆಯುವ ಸ್ವಿಚ್, ಬೇಕು. ಇನ್ನೊಂದು ಮಾತು, ಬಲ್ಬ್ ಇರುವ ಟೆಸ್ಟ್ ಲ್ಯಾಂಪ್ ಇಲ್ಲಿ ಬೇಡ. ಈಗಿನ ಕಾರಿನಲ್ಲಿ ಈ ವೈರ್ ಹೋಗುವುದು ಬಾಡಿ ಕಂಟ್ರೋಲ್ ಮಾಡ್ಯೂಲ್ ಅನ್ನುವ ಸಣ್ಣ ಕಂಪ್ಯೂಟರಿಗೆ. ಬಲ್ಬ್ ಎಳೆಯುವ ಕರೆಂಟ್ ಅದಕ್ಕೆ ಒಳ್ಳೆಯದಲ್ಲ. ಡಿಜಿಟಲ್ ಮಲ್ಟಿಮೀಟರ್ರೇ ಬೇಕು.

ನಡುವೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಹಾಕಿದ್ದೇವೆ, 1ಎನ್4007. ಎರಡು ಮೂರು ರೂಪಾಯಿಯ ಮಾಲು, ಆದರೆ ಬಿಡಬಾರದು. ಅದರ ಬಿಳಿ ಗೆರೆ ಸೆನ್ಸರ್ ಕಡೆಗಿರಬೇಕು. ಆಗ ಸೆನ್ಸರ್ ಬಾನೆಟ್ ವೈರನ್ನು ಅರ್ಥಿಂಗ್‌ಗೆ ಎಳೆಯಬಹುದು, ಬಾನೆಟ್ ತೆರೆದು ಆ ವೈರ್ ಅರ್ಥಿಂಗ್‌ಗೆ ಸೇರಿದರೂ ಸೆನ್ಸರಿಗೆ ಸಂಬಂಧವಿಲ್ಲ. ಜಾಯಿಂಟನ್ನು ಸೋಲ್ಡರ್ ಮಾಡಿ ಬಿಸಿಗೆ ಕುಗ್ಗುವ ಸ್ಲೀವ್ ಹಾಕಿ ಬಿಸಿ ಮಾಡಿದೆವು. ಕಂಪನಿ ವೈರನ್ನು ಕತ್ತರಿಸಿಲ್ಲ, ಸಿಪ್ಪೆ ಸ್ವಲ್ಪ ತೆಗೆದು ಸುತ್ತಿದ್ದೇವೆ. ಆದರೂ ವಾರಂಟಿಯಲ್ಲಿರುವ ಕಾರಾದರೆ ಮೊದಲು ಸರ್ವಿಸ್ ಸೆಂಟರಿನಲ್ಲಿ ಕೇಳಿಯೇ ಕೈ ಹಾಕಿ. ಹಳದಿ ಕನೆಕ್ಟರ್ ಕಂಡರೆ ದೂರ ಇರಿ, ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು.

ಸೆನ್ಸರಿಗೆ ಅಲಾರ್ಮ್ ಲಾಕ್ ಆಗಿದೆಯೋ ಇಲ್ಲವೋ ಗೊತ್ತಿಲ್ಲ. ಕಾರು ಓಡುವಾಗ ಗುಂಡಿಗೆ ಬಿದ್ದರೂ ಅದು ಕೆಲಸ ಮಾಡುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಬಾನೆಟ್ ತೆರೆದಿದೆ ಅಂತ ಗುರುತು ಮಿನುಗುತ್ತದೆ. ನಮ್ಮ ರಸ್ತೆಗಳಲ್ಲಿ ಎಷ್ಟು ಸಲ ಅಂತ ನಿಮಗೇ ಗೊತ್ತು. ಅದಕ್ಕೆ ಐದು ಕಾಲಿನ ಮಾಮೂಲಿ ರಿಲೇ ಹಾಕಿದೆವು. ಸೆನ್ಸರಿಗೆ ಹೋಗುವ 12 ವೋಲ್ಟ್ 30ನೇ ನಂಬರಿನ ಕಾಲಿನಲ್ಲಿ ಬಂದು 87ಎ ಇಂದ ಹೊರಗೆ. ಕಾಯಿಲ್‌ನ ಎರಡು ಕಾಲುಗಳಾದ 85, 86ರಲ್ಲಿ ಒಂದಕ್ಕೆ ಇಗ್ನಿಷನ್, ಇನ್ನೊಂದಕ್ಕೆ ಅರ್ಥಿಂಗ್. ಕೀ ಆನ್ ಮಾಡಿದರೆ ಕಾಯಿಲ್ 87ಎ ಸಂಪರ್ಕ ಬಿಡಿಸುತ್ತದೆ, ಸೆನ್ಸರ್ ಆಫ್. ನಿಲ್ಲಿಸಿದ ಕಾರಿನಲ್ಲಿ ಕಾಯಿಲ್‌ಗೆ ಕರೆಂಟೇ ಹೋಗುವುದಿಲ್ಲ, ಬ್ಯಾಟರಿಗೆ ಭಾರವಿಲ್ಲ.

ಬ್ಯಾಟರಿ ಇಳಿಯುತ್ತದಾ ಅಂತ ಮನೆಯವರ ಚಿಂತೆ. ಲೆಕ್ಕ ಸುಲಭ. ಸೆನ್ಸರ್ 10 ಮಿಲಿಆಂಪ್ ತಿಂದರೆ ದಿನಕ್ಕೆ 0.24 ಆಂಪ್ ಅವರ್. ಸಣ್ಣ ಕಾರಿನ 35 ಆಂಪ್ ಅವರ್ ಬ್ಯಾಟರಿಗೆ ದಿನಾ ಓಡಿಸುವವರಿಗೆ ಇದು ಏನೂ ಅಲ್ಲ. ತಿಂಗಳುಗಟ್ಟಲೆ ನಿಲ್ಲಿಸುವವರು ಮಾತ್ರ ಯೋಚಿಸಬೇಕು. ಕರೆಂಟ್ ತೆಗೆದ ಜಾಗದ ಪಕ್ಕದಲ್ಲೇ 1 ಆಂಪ್ ಫ್ಯೂಸ್ ಇರಲಿ.

ಡಬ್ಬಿಯನ್ನು ಎಲ್ಲಿ ಕಟ್ಟುತ್ತೀರಿ ಅನ್ನುವುದರ ಮೇಲೆ ಅರ್ಧ ಕೆಲಸ ನಿಂತಿದೆ. ಬಾಕ್ಸಿನಲ್ಲಿ ಎರಡು ಕಡೆ ಅಂಟುವ ಟೇಪ್ ಕೊಟ್ಟಿದ್ದರು. ಬಿಸಿಲಿಗೆ ನಿಂತ ಕಾರಿನೊಳಗೆ ಆ ಟೇಪಿನ ಅಂಟು ಮೆತ್ತಗಾಗಿ ಜಾರುತ್ತದೆ. ಮೆತ್ತಗಿನ ಅಂಟು ಏಟಿನ ಕಂಪನವನ್ನೂ ನುಂಗುತ್ತದೆ. ಡ್ಯಾಶ್‌ಬೋರ್ಡಿನ ಕೆಳಗೆ, ಕಾರಿನ ಮಧ್ಯಕ್ಕೆ ಹತ್ತಿರ, ಗಟ್ಟಿ ಕಬ್ಬಿಣದ ಬ್ರಾಕೆಟ್ಟಿಗೆ ಸ್ಕ್ರೂ ಹಾಕಿ ಬಿಗಿದೆವು. ವೈರಿನ ಕಟ್ಟಿಗೆ ಸುಮ್ನೆ ನೇತು ಹಾಕಿದವರ ಕಾರು ನೋಡಿದ್ದೇನೆ. ಏಟು ಅಲ್ಲಿಗೆ ತಲುಪುವುದೇ ಇಲ್ಲ.

ಆಮೇಲೆ ಸ್ಕ್ರೂ ಹದ ಮಾಡುವುದು. ಈ ಇಡೀ ಕೆಲಸದಲ್ಲಿ ನಾನು ಜಾಸ್ತಿ ಹೊತ್ತು ಕೂತಿದ್ದು ಇದಕ್ಕೆ. ಎಲ್ಲಕ್ಕಿಂತ ಕಡಿಮೆಯಿಂದ ಶುರು. ಕಾರು ಲಾಕ್ ಮಾಡಿ ಒಂದು ನಿಮಿಷ ಬಿಟ್ಟು, ಗ್ಲಾಸಿನ ಪಕ್ಕದ ಕಾರಿನ ಬಾಡಿಯ ಕಂಬಕ್ಕೆ ಮುಷ್ಟಿಯಿಂದ ಗುದ್ದಿ ನೋಡಬೇಕು. ಗ್ಲಾಸಿಗಲ್ಲ. ಕೂಗದಿದ್ದರೆ ಸ್ವಲ್ಪ ಏರಿಸಬೇಕು. ಕೂಗಿದ ಮೇಲೆ ಕಾರನ್ನು ರಾತ್ರಿ ನಿಲ್ಲಿಸುವ ಜಾಗದಲ್ಲೇ ಇಟ್ಟು ಲಾರಿ ಹೋಗುವಾಗ ಏನಾಗುತ್ತದೆ ನೋಡಬೇಕು. ಲಾರಿಗೆ ಕೂಗಿದರೆ ಇಳಿಸಲೇಬೇಕು. ಮೂರು ರಾತ್ರಿ ಸುಳ್ಳು ಕೂಗಿದ ಕಾರಿನ ಕಡೆಗೆ ನಾಲ್ಕನೇ ರಾತ್ರಿ ಯಾರೂ ಕಿಟಕಿಯಿಂದ ಇಣುಕುವುದಿಲ್ಲ. ಸೆನ್ಸರ್ ಹಾಕಿದ್ದೇ ಜನ ಎದ್ದು ನೋಡಲಿ ಅಂತ. ಎದುರು ಮನೆ ಅಜ್ಜಿಗೆ ಮೊದಲೇ ಹೇಳಿ ಬಂದಿದ್ದೆ. "ಹಂಗಾದ್ರ ಇನ್ ಮ್ಯಾಲೆ ಕೂಗಿದ್ರ ನಿನಗ ಫೋನ್ ಹಚ್ಚತೀನಪಾ" ಅಂದರು. ಓಣಿಯಲ್ಲಿ ಅಂಥವರೊಬ್ಬರು ಬೇಕೇ ಬೇಕು.

ಬಾನೆಟ್ ಸ್ವಿಚ್ಚೇ ಇಲ್ಲದ ಕಾರುಗಳೂ ಇವೆ. ಅಲ್ಲಿ ಡ್ರೈವರ್ ಬಾಗಿಲಿನ ಸ್ವಿಚ್ ವೈರಿಗೆ ಇದೇ ರೀತಿ ಕೂಡಿಸಬಹುದು. ಅಂಥ ಕಾರಿನಲ್ಲಿ ಕೀ ತೆಗೆದ ಮೇಲೆ ಏಟು ಬಿದ್ದಾಗ ಒಳಗಿನ ಲೈಟ್ ಒಂದು ಕ್ಷಣ ಹತ್ತಬಹುದು. ನನ್ನ ಕಾರಿನ ಸ್ಕ್ರೂ ಈಗ ಅರ್ಧಕ್ಕಿಂತ ಸ್ವಲ್ಪ ಕೆಳಗಿದೆ. ದೀಪಾವಳಿಯ ಪಟಾಕಿ ಶುರುವಾದಾಗ ಇನ್ನಷ್ಟು ಇಳಿಸಿ, ಹಬ್ಬ ಮುಗಿದ ಮೇಲೆ ಮತ್ತೆ ಇಲ್ಲಿಗೇ ತರುತ್ತೇನೆ. ಮರೆಯಬಾರದು ಅಂತ ಡಬ್ಬಿಯ ಮೇಲೆ ಮಾರ್ಕರಿನಿಂದ ಗುರುತು ಹಾಕಿದ್ದೇನೆ.